ಹೆಸರಿಲ್ಲದ ನೆರೆಯವನು

ನೊಂದವನ ಗುರುತನ್ನು ಬದಲಿಸಿ ಹೇಳಿದ ಕಥೆಯಲ್ಲಿ ಸತ್ಯವು ಉಳಿಯುತ್ತದೆಯೇ?

1950ರ ದಶಕದಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ವಾರವಾರವೂ ಹೊಸದೊಂದು ನಾಟಕ ಪ್ರಸಾರವಾಗುತ್ತಿತ್ತು. ಅವುಗಳಲ್ಲಿ ಅನೇಕ ನಾಟಕಗಳ ನಾಯಕರು ಸಾಮಾನ್ಯ ಜನರೇ. 1953ರ ‘ಮಾರ್ಟಿ’ಯಲ್ಲಿ ಪ್ಯಾಡಿ ಚಾಯೆಫ್‌ಸ್ಕಿ ಮಾಂಸದಂಗಡಿಯ ಒಂಟಿ ಬಡಪಾಯಿಯೊಬ್ಬನ ಅಂತರಂಗವನ್ನು ತೆರೆದಿಟ್ಟರು. ಆದರೆ ಈ ಕನ್ನಡಿಗೂ ಒಂದು ಪರದೆಯಿತ್ತು. ರೆಜಿನಾಲ್ಡ್ ರೋಸ್ ಅವರು ಬಿಳಿಯರ ಬೀದಿಗೆ ವಾಸಕ್ಕೆ ಬಂದ ಕರಿಯ ಕುಟುಂಬವನ್ನು ನೆರೆಹೊರೆಯವರು ಓಡಿಸಹೊರಡುವ ಕಥೆಯೊಂದನ್ನು ಯೋಜಿಸಿದ್ದರು. ದಕ್ಷಿಣದ ವೀಕ್ಷಕರು ಮುನಿದಾರೆಂಬ ಅಂಜಿಕೆಯಿಂದ ಪ್ರಸಾರಕರು ಒಪ್ಪಲಿಲ್ಲ. ಕೊನೆಗೆ 1954ರಲ್ಲಿ ‘ಥಂಡರ್ ಆನ್ ಸಿಕಮೋರ್ ಸ್ಟ್ರೀಟ್’ ಪ್ರಸಾರವಾದಾಗ ಆ ನೆರೆಯವನು ಸೆರೆಮನೆಯಿಂದ ಬಿಡುಗಡೆಯಾದ ಮಾಜಿ ಕೈದಿಯಾಗಿದ್ದನು.

ಸಂದೇಶವು ಉಳಿಯಿತಲ್ಲ, ಅಷ್ಟು ಸಾಲದೇ ಎನ್ನಬಹುದು. ಸಾಲದು. ಮಾಜಿ ಕೈದಿ ಸಮಾಜದಿಂದ ಬೇಡುವುದು ಕ್ಷಮೆಯನ್ನು. ಕರಿಯ ಕುಟುಂಬಕ್ಕೆ ಸಲ್ಲಬೇಕಾದುದು ನ್ಯಾಯ. ತಪ್ಪೇ ಮಾಡದವನಿಗೆ ಕ್ಷಮೆಯನ್ನು ನೀಡಹೊರಡುವುದು ಅವನಿಗೆ ಬಗೆಯುವ ಇನ್ನೊಂದು ಅನ್ಯಾಯ.

ನಮ್ಮಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಇಂತಹ ಬಿಡಿಕಥೆಗಳ ಮಾಲೆಯೇ. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯಲಾಗದ ಗುಮಾಸ್ತನಾಗಿ ವಿಷ್ಣುವರ್ಧನ್ ನಟಿಸಿದರು. ಆರ್. ಕೆ. ನಾರಾಯಣರ ಆ ಕಥೆಯಲ್ಲಿ ರಾಜೀನಾಮೆಗೆ ಸಿದ್ಧನಾದ ಗುಮಾಸ್ತನನ್ನು ಐದು ರೂಪಾಯಿಯ ಸಂಬಳ ಏರಿಕೆ ಮೌನವಾಗಿಸುತ್ತದೆ. ಅವನನ್ನು ದುಡಿಮೆಗೇಡಿಯೆಂದೋ ಕುಡುಕನೆಂದೋ ಚಿತ್ರಿಸಿದ್ದರೆ ನಮಗೆ ಅವನ ಮೇಲೆ ಕನಿಕರ ಹುಟ್ಟುತ್ತಿತ್ತು. ಕಚೇರಿಯ ಅನ್ಯಾಯ ಮಾತ್ರ ಕಾಣುತ್ತಿರಲಿಲ್ಲ.

ಪರರ ಅಂಜಿಕೆಯನ್ನು ಖಂಡಿಸುವ ಮುನ್ನ ನನ್ನದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಅಫಜಲಪುರ ತಾಲೂಕಿನ ಕರಜಗಿಯಲ್ಲಿ ಯುವಕರಿಗಾಗಿ ಕಿರುನಾಟಕವೊಂದನ್ನು ಬರೆದೆ. ಜಾತಿಯ ಕಾರಣಕ್ಕೆ ಬಾವಿಯ ನೀರಿನಿಂದ ವಂಚಿತವಾದ ಕುಟುಂಬದ ಕಥೆಯದು. ಯಾರ ಮನಸ್ಸೂ ನೋಯದಿರಲೆಂದು ಕೊನೆಯ ಗಳಿಗೆಯಲ್ಲಿ ಅದನ್ನು ಸಾಲ ತೀರಿಸದವನ ಕುಟುಂಬವನ್ನಾಗಿ ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ನಾಟಕ ಮುಗಿದ ಮೇಲೆ ವೃದ್ಧೆಯೊಬ್ಬರು ಬಳಿಗೆ ಬಂದು ಕೇಳಿದರು: “ಸಾಲ ತೀರಿಸಿದ್ರ ನೀರ ಕೊಡತಿದ್ರೇನ್ರೀ ಫಾದರ್?” ನನ್ನಲ್ಲಿ ಉತ್ತರವಿರಲಿಲ್ಲ. ಯಾರ ಮನಸ್ಸೂ ನೋಯದಿರಲೆಂದು ಎಣಿಸುವಾಗ ಆಕೆಯ ಮನಸ್ಸನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನೆರೆಯವನಾರು ಎಂಬ ಪ್ರಶ್ನೆಗೆ ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಕರುಣೆ ತೋರಿದವನು ಬರಿಯ ‘ದಾರಿಹೋಕ’ನಲ್ಲ, ಸಮಾರಿಯದವನು. ಕೇಳುಗರಿಗೆ ಆ ಹೆಸರೇ ಅಪ್ರಿಯವಾಗಿತ್ತು. ಅದನ್ನು ಮರೆಮಾಚಿದ್ದರೆ ಕಥೆ ಇಂಪಾಗಿರುತ್ತಿತ್ತು. ಆದರೆ ಯಾರ ಹೃದಯವನ್ನೂ ಚುಚ್ಚುತ್ತಿರಲಿಲ್ಲ.

ವೇದಿಕೆಯ ಮೇಲಾಗಲಿ, ಪೀಠದಿಂದಾಗಲಿ ಕಥೆ ಹೇಳುವ ನಾವು ಪ್ರತಿ ಬಾರಿಯೂ ಕೇಳಿಕೊಳ್ಳೋಣ: ನಾವು ಬದಲಿಸಿದ ಗುರುತು ನೊಂದವನನ್ನು ಕಾಪಾಡಲೋ, ಇಲ್ಲವೇ ನೋಯಿಸಿದವರ ನೆಮ್ಮದಿಯನ್ನು ಕಾಪಾಡಲೋ?