ಅಮ್ಮನಿಗೆ ‘ವಾಕಿಂಗ್ ಹೋಗು’ ಅನ್ನೋ ಮುಂಚೆ

ಕಳೆದ ವರ್ಷ ನನ್ನ ಸೊಂಟ ಹಿಡಿದುಕೊಂಡಿತು. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರೋನಿಗೆ ಇದೇನು ಆಶ್ಚರ್ಯ ಅಲ್ಲ ಬಿಡಿ. ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ, ಮಲಗಿದೆ. ಎರಡು ವಾರ ಕಳೆದರೂ ನೋವು ಅಲ್ಲೇ ಇತ್ತು. ಜೊತೆಗೆ ಬಗ್ಗೋಕೆ ಭಯ ಬೇರೆ ಶುರುವಾಯಿತು. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ಪರೀಕ್ಷೆ ಮಾಡಿ, “ಗಾಬರಿ ಆಗೋ ಅಂಥದ್ದು ಏನೂ ಇಲ್ಲ. ಏಳಿ, ನಡೀರಿ” ಅಂದರು. ನೋವಿದ್ದವನಿಗೆ ನಡಿ ಅಂತಾರಲ್ಲ, ಎಂಥಾ ಮನುಷ್ಯ ಅಂತ ಬೈಕೊಂಡೇ ನಡೆದೆ. ಮೊದಲ ದಿನ ಹತ್ತು ನಿಮಿಷ. ಮೂರು ತಿಂಗಳಿಗೆ ಕೆರೆ ಏರಿ ಮೇಲೆ ನಲವತ್ತು ನಿಮಿಷ. ನೋವು ಪೂರ್ತಿ ಹೋಗಲಿಲ್ಲ, ಆದರೆ ನನ್ನ ಯಜಮಾನ ಆಗಿದ್ದದ್ದು ಬರೀ ಪರಿಚಯದವನಾಯಿತು.

ಆಮೇಲೆ ಓದೋಕೆ ಕೂತೆ. ದೇಹ ಚಲಿಸುವಾಗ ನೋವನ್ನು ತಗ್ಗಿಸುವ ವ್ಯವಸ್ಥೆಯನ್ನು ಮೆದುಳೇ ಚುರುಕು ಮಾಡುತ್ತದಂತೆ. ನೆನಪಿನ ಕಥೆ ಇನ್ನೂ ಸ್ವಾರಸ್ಯ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 120 ಹಿರಿಯರಿದ್ದರು. ಅರ್ಧ ಜನ ವಾರಕ್ಕೆ ಮೂರು ದಿನ ನಡೆದರು, ಉಳಿದವರು ಮೈ ಸಡಿಲಿಸುವ ಲಘು ವ್ಯಾಯಾಮ ಮಾಡಿದರು. ವರ್ಷದ ಕೊನೆಗೆ, ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ನಡೆದವರಲ್ಲಿ ಸುಮಾರು ಶೇಕಡಾ 2ರಷ್ಟು ಬೆಳೆದಿತ್ತು, ಉಳಿದವರಲ್ಲಿ ಕುಗ್ಗಿತ್ತು.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂತಾರಲ್ಲ, ನನ್ನ ಕಥೆನೂ ಅದೇ. ಶಿವಮೊಗ್ಗಕ್ಕೆ ಫೋನ್ ಮಾಡಿದಾಗೆಲ್ಲ ಅಮ್ಮನಿಗೆ ಉಪದೇಶ. ಅವಳಿಗೆ ಮಂಡಿ ಸವೆತ. “ಇದಕ್ಕೆ ವ್ಯಾಯಾಮವೇ ಮೊದಲ ಔಷಧಿ ಅಮ್ಮ, ನೀನು ಕೂತೇ ಇದ್ರೆ ಹೆಂಗೆ?” ಅಂದುಬಿಟ್ಟೆ ಒಂದು ದಿನ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಬೆಳಿಗ್ಗೆ ಐದಕ್ಕೆ ಎದ್ದೋಳು ರಾತ್ರಿ ಹತ್ತರ ತನಕ ನಾನು ಕೂತಿದ್ದು ಯಾವಾಗ, ನೀನೇ ಹೇಳು ಮಾರಾಯ” ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಹೇಳಿದ ವಿಜ್ಞಾನ ತಪ್ಪಾಗಿರಲಿಲ್ಲ. ಆದರೆ ನನ್ನ ನಲವತ್ತು ನಿಮಿಷ ಎಲ್ಲಿಂದ ಬಂತು? ಆ ಹೊತ್ತಲ್ಲಿ ನನ್ನ ಮನೆಯ ಪಾತ್ರೆ ತೊಳೆಯೋಕೆ ಒಬ್ಬರು ಬರುತ್ತಾರೆ, ತಿಂಡಿ ಮಾಡೋಕೆ ಇನ್ನೊಬ್ಬರು. ನನ್ನ ‘ಶಿಸ್ತು’ ಅಂತ ಬೀಗಿದ್ದರಲ್ಲಿ ಅರ್ಧ ಅವರ ಬೆವರು. ಅವರ ಸೊಂಟ ಹೇಗಿದೆ ಅಂತ ನಾನು ಕೇಳಿದ್ದೇ ಇಲ್ಲ.

1999ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿ ಹೆನ್ರಿಯೆಟ್ ವಾನ್ ಪ್ರಾಗ್ ಮತ್ತು ಫ್ರೆಡ್ ಗೇಜ್ ಅವರ ತಂಡ ಇಲಿಗಳ ಮೇಲೆ ಪ್ರಯೋಗ ಮಾಡಿತ್ತು. ಓಡುವ ಚಕ್ರ ಸಿಕ್ಕ ಇಲಿಗಳ ಮೆದುಳಲ್ಲಿ ಹೊಸ ಕೋಶಗಳು ಹೆಚ್ಚಿದವು, ಅವು ಹೊಸ ದಾರಿಯನ್ನು ಬೇಗ ಕಲಿತವು. ಆ ಇಲಿಗಳು ಬೇಕಾದಾಗ ಚಕ್ರ ಹತ್ತಬಹುದಿತ್ತು, ಸಾಕಾದಾಗ ಇಳಿಯಬಹುದಿತ್ತು. ಅಮ್ಮನ ಅಡುಗೆಮನೆ ಅಂಥ ಚಕ್ರ ಅಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅಜ್ಜಿಯ ನೆನಪು. ಜೀವನಪೂರ್ತಿ ಅಡಿಕೆ ತೋಟಕ್ಕೆ ನಡೆದೇ ಹೋಗಿಬಂದವಳು, ಕೊನೆಯ ವರ್ಷಗಳಲ್ಲಿ ಸ್ವಂತ ಮಗಳ ಹೆಸರನ್ನೇ ಮರೆತಳು. ನೆಂಟರೊಬ್ಬರು, “ಮೆದುಳಿಗೆ ಕೆಲಸ ಕೊಡ್ಲಿಲ್ಲ, ಅದಕ್ಕೇ” ಅಂದಿದ್ದರು. ಅಮ್ಮ ಅವತ್ತು ಹಿತ್ತಿಲಿಗೆ ಹೋಗಿ ಅತ್ತಿದ್ದಳು. ನನ್ನ ಫೋನ್ ಉಪದೇಶಕ್ಕೂ ಆ ಮಾತಿಗೂ ಎಷ್ಟು ದೂರ? ವ್ಯಾಯಾಮದಿಂದ ಅಪಾಯ ಕಮ್ಮಿ ಆಗುತ್ತದೆ ಅನ್ನೋದು ಒಂದು ಮಾತು. ಕಾಯಿಲೆ ಬಂದವರು ತಪ್ಪು ಮಾಡಿದ್ದರು ಅನ್ನೋದು ಬೇರೆಯೇ ಮಾತು. ಮೊದಲನೆಯದು ನಿಜ ಅಂದಮಾತ್ರಕ್ಕೆ ಎರಡನೆಯದು ನಿಜ ಆಗಲ್ಲ.

ಹಾಗಂತ ಸುಮ್ಮನಿರೋದೂ ಸರಿ ಅಲ್ಲ ಅನ್ನಿಸಿತು. ಗೊತ್ತಿದ್ದೂ ಹೇಳದೇ ಇರೋದು, ‘ವಯಸ್ಸಾಯ್ತು ಬಿಡು’ ಅಂತ ಕೈಬಿಟ್ಟ ಹಾಗೇ. ಹೇಳಬೇಕು, ಆದರೆ ಹೇಳೋ ಮುಂಚೆ ಅದಕ್ಕೆ ಬೇಕಾದ ಹೊತ್ತು ಅವರಿಗೆ ಯಾರು ಕೊಡ್ತಾರೆ ಅನ್ನೋದನ್ನೂ ಯೋಚಿಸಬೇಕು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಜೊತೆ ಕೂತು ಮಾತಾಡಿದೆ. ನಿವೃತ್ತಿಯಾದ ಮೇಲೂ ಕಾಫಿ ಲೋಟ ಕೂತಲ್ಲಿಗೇ ಬರಬೇಕು ಅನ್ನೋ ಮನುಷ್ಯ. ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಮೂರನೇ ದಿನ ತರಕಾರಿ ಹೆಚ್ಚೋಕೆ ಕೂತರು. ಅಮ್ಮನನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಕುರ್ಚಿ ಮೇಲೆ ಕೂತು ಕಾಲು ನೀಡಿ ಎತ್ತುವ ವ್ಯಾಯಾಮ ಹೇಳಿಕೊಟ್ಟರು. ಸಂಜೆ ಆರಕ್ಕೆ ಪಕ್ಕದ ಮನೆಯವರ ಜೊತೆ ಒಂದು ಸುತ್ತು ಹೋಗಿಬರುತ್ತಾಳೆ ಈಗ. ಮೆಟ್ಟಿಲು ಇಳಿಯುವಾಗ ಮಂಡಿ ಇನ್ನೂ ನೋಯುತ್ತದೆ. ಆದರೆ ವಾಪಸ್ ಬಂದಾಗ ಬೀದಿಯ ಸುದ್ದಿಯೆಲ್ಲ ಅವಳ ಹತ್ತಿರ ಇರುತ್ತದೆ.

ಈಗ ಫೋನ್ ಮಾಡಿದಾಗ ‘ಎಷ್ಟು ಹೆಜ್ಜೆ ಆಯ್ತಮ್ಮ’ ಅಂತ ಕೇಳಲ್ಲ. ಅಪ್ಪನಿಗೆ ಫೋನ್ ಕೊಡು ಅಂತೀನಿ. “ಇವತ್ತು ಸಾರು ಯಾರು ಮಾಡಿದ್ದು?” ಅಂತ ಅವರನ್ನೇ ಕೇಳ್ತೀನಿ.