ಹಬ್ಬದ ಚಿಂತೆಗೆ ಜಟಾಯುವಿನ ಪಾಠ

ಸದ್ಭಕ್ತರೇ, ಹಬ್ಬ ಬಂತೆಂದರೆ ಸಂತೋಷಕ್ಕಿಂತ ಚಿಂತೆಯೇ ಜಾಸ್ತಿ. ಬಟ್ಟೆ, ಬೇಳೆ-ಬೆಲ್ಲ, ಬರುವ ನೆಂಟರು, ತೀರದ ಸಾಲ! ದೇವರಿಗೆ ದೀಪ ಹಚ್ಚುವಾಗಲೂ ಮನಸ್ಸು ಲೆಕ್ಕ ಹಾಕುತ್ತಿರುತ್ತೆ.

ಬ್ರಹ್ಮಗಿರಿಯ ಸಮೀಪದ ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೇ ಜಟಾಯು ರಾವಣನೊಡನೆ ಹೋರಾಡಿ ಬಿದ್ದನೆಂಬುದು ಈ ಸೀಮೆಯ ಹಿರಿಯರ ನಂಬಿಕೆ. ಆಗ ಶ್ರೀರಾಮನ ಸ್ಥಿತಿ ಹೇಗಿತ್ತು? ರಾಜ್ಯ ಬಿಟ್ಟಾಗಿತ್ತು, ತಂದೆ ತೀರಿಕೊಂಡಿದ್ದರು, ಸೀತಾಮಾತೆ ಕಾಣೆಯಾಗಿದ್ದಳು. ಒಂದು ಗಳಿಗೆಯೂ ಪುರುಸೊತ್ತಿಲ್ಲ. ಆದರೂ ರಾಮ ನಿಂತ. ಆ ಹಕ್ಕಿಗೆ ಹೆತ್ತ ತಂದೆಗೆ ಮಾಡುವಂತೆ ಸಂಸ್ಕಾರ ಮಾಡಿ, ಆಮೇಲೆ ಮುಂದಿನ ದಾರಿ ಹಿಡಿದ. ಜಟಾಯು ಗೆದ್ದಿರಲಿಲ್ಲ, ಸೀತೆಯನ್ನು ಉಳಿಸಲಾಗಲಿಲ್ಲ. ಆದರೂ ಅವನು ಪಟ್ಟ ಪಾಡನ್ನು ರಾಮ ಮರೆಯಲಿಲ್ಲ. ಇದೇ ಕೃತಜ್ಞತೆ.

ಬ್ರಹ್ಮಗಿರಿಯ ಬಂಡೆಯ ಮೇಲಿರುವ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವೂ ತಾಯಿ-ತಂದೆಯರನ್ನು, ಗುರುಗಳನ್ನು ಗೌರವಿಸಬೇಕು, ನೆಂಟರೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎಂದು ಸಾರುತ್ತದೆ.

ಆದ್ದರಿಂದ ಈ ಸಲ ಹೋಳಿಗೆ ಹರಿದುಹೋಯ್ತು ಅನ್ನುವ ಮೊದಲು, ಒಲೆ ಮುಂದೆ ಬೆಂದ ತಾಯಿಯನ್ನು ನೆನೆಯಿರಿ. ಬಟ್ಟೆ ಸಾಧಾರಣದ್ದು ಅನ್ನುವ ಮೊದಲು, ತಂದವನ ಬೆವರನ್ನು ನೆನೆಯಿರಿ. ನೆನೆದದ್ದನ್ನು ಅವರೆದುರಿಗೇ ಬಾಯಿ ತುಂಬಾ ಹೇಳಿರಿ. ಅದರಿಂದ ಸಾಲ ತೀರದು, ನಿಜ. ಆದರೆ ಹೊತ್ತವರ ಎದೆ ಹಗುರಾಗುತ್ತೆ, ಹೇಳಿದವರದೂ ಹಗುರಾಗುತ್ತೆ.

ಶ್ರೀ ರಾಮೇಶ್ವರ ಸ್ವಾಮಿ ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.