ಪೃಚ್ಛನೆಯೂ ತಪಸ್ಸೇ

ತಪಸ್ಸೆಂದೊಡನೆ ಶ್ರಾವಕರ ಮನಸ್ಸಿಗೆ ಮೊದಲು ತೋರುವುದು ಅನಶನ. ಆದರೆ ತತ್ತ್ವಾರ್ಥಸೂತ್ರವು 6 ಬಾಹ್ಯ ತಪಗಳೊಡನೆ 6 ಅಂತರಂಗ ತಪಗಳನ್ನೂ ಹೇಳುತ್ತದೆ. ಅವುಗಳಲ್ಲಿ ಸ್ವಾಧ್ಯಾಯವೊಂದು. ಸ್ವಾಧ್ಯಾಯದ 5 ಭೇದಗಳಲ್ಲಿ ವಾಚನೆಯ ಬಳಿಕ ಬರುವುದೇ ಪೃಚ್ಛನೆ, ಅಂದರೆ ಕೇಳುವುದು. ಆದುದರಿಂದ ಚರ್ಚೆಯ ನಡುವೆ "ಇದಕ್ಕೆ ಪ್ರಮಾಣವೇನು?" ಎಂದವನನ್ನು ಶ್ರದ್ಧಾಹೀನನೆಂದು ಜರೆಯುವುದು ಸಲ್ಲದು.

ಹಾಗೆಂದು ಕೇಳಿದ ಪ್ರಶ್ನೆಗಳೆಲ್ಲವೂ ತಪಸ್ಸಾಗುವುದಿಲ್ಲ. ಸಂಶಯವನ್ನು ಕಳೆಯುವುದು, ನಿಶ್ಚಯವಾದುದನ್ನು ದೃಢಪಡಿಸಿಕೊಳ್ಳುವುದು – ಇವೇ ಪೃಚ್ಛನೆಯ ಪ್ರಯೋಜನಗಳೆಂದು ಪೂಜ್ಯಪಾದರು ಹೇಳಿದ್ದಾರೆ. ತನ್ನ ಹಿರಿಮೆಯನ್ನು ಮೆರೆಯಲು, ಪರರನ್ನು ವಂಚಿಸಲು, ಅಪಹಾಸ್ಯಕ್ಕೆ, ಜಗಳಕ್ಕೆ ಕೇಳುವುದು ಪೃಚ್ಛನೆಯಲ್ಲವೆಂಬುದು ರಾಜವಾರ್ತಿಕದಲ್ಲಿ ಅಕಲಂಕದೇವರ ಅಭಿಪ್ರಾಯ.

ಭಾದ್ರಪದದಲ್ಲಿ ಅನಂತ ಚತುರ್ದಶಿಯ ಉಪವಾಸ ಇಂದೋ ನಾಳೆಯೋ ಎಂದು ಮನೆಯಲ್ಲಿ ವಿವಾದವೇಳುವುದುಂಟು. ಸೂರ್ಯೋದಯದ ಅನಂತರ ತಿಥಿಯು ಕನಿಷ್ಠ 6 ಘಳಿಗೆ, ಎಂದರೆ 2 ಗಂಟೆ 24 ನಿಮಿಷ, ಇರಬೇಕೆಂಬುದು ದಿಗಂಬರರಲ್ಲಿ ಬಳಕೆಯಲ್ಲಿರುವ ನಿಯಮ. ಒಬ್ಬರು ಆಧಾರ ಕೇಳುತ್ತಾರೆ. ಮತ್ತೊಬ್ಬರು ಪಂಚಾಂಗವನ್ನು ತಂದು ತೋರಿಸುತ್ತಾರೆ. ಕೇಳಿದವರು "ಈ ಪಂಚಾಂಗ ಸರಿಯೇ?" ಎಂದು ಮತ್ತೆ ಕೇಳಿದರೆ ಅದೇ ದೋಷವಲ್ಲ. ಪಂಚಾಂಗಗಳಲ್ಲಿ ಭೇದವಿರುತ್ತದೆ; ಸೂರ್ಯೋದಯವೂ ಊರಿಂದೂರಿಗೆ ಬೇರೆ. ಆದರೆ ತಾವು ಹೇಳಿದ ದಿನಕ್ಕೆ ಯಾವ ಆಧಾರವನ್ನೂ ಹುಡುಕದೆ, ಎದುರಿನವರು ಒಂದನ್ನು ತೋರಿಸಿದಂತೆಲ್ಲ ಇನ್ನೊಂದನ್ನು ಬೇಡುತ್ತ ಹೋದರೆ, ಅಲ್ಲಿರುವುದು ಜಿಜ್ಞಾಸೆಯಲ್ಲ, ಮಾನಕಷಾಯ. ಎದುರಿನವರು ಬೇಸತ್ತು ಸುಮ್ಮನಾದರೆ ಅದು ಜಯವೂ ಅಲ್ಲ. ತಿಥಿಯ ನಿರ್ಣಯವಂತೂ ಆಗಿಯೇ ಇರುವುದಿಲ್ಲ.

ತನ್ನ ಪಕ್ಷಕ್ಕೂ ಪರಪಕ್ಷಕ್ಕೂ ಅಳತೆ ಒಂದೇ ಆಗಿರಬೇಕು. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯ ಆರಂಭದಲ್ಲಿಯೇ ತಮ್ಮ ಆರಾಧ್ಯನನ್ನು ಈ ಅಳತೆಗೆ ಒಳಪಡಿಸಿದರು. ದೇವತೆಗಳ ಆಗಮನ, ಚಾಮರ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವು ಹಿರಿಮೆಗೆ ಪ್ರಮಾಣವಾಗಲಾರವೆಂದರು. ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ವಚನವನ್ನೇ ಪ್ರಮಾಣವೆಂದು ಕೈಕೊಂಡರು. ಪ್ರೀತಿಪಾತ್ರವಾದುದನ್ನೇ ಹೀಗೆ ಪರೀಕ್ಷಿಸಬಲ್ಲವನಿಗೆ ಮಾತ್ರ ಪರರಲ್ಲಿ ಪ್ರಮಾಣವನ್ನು ಕೇಳುವ ಅಧಿಕಾರವುಂಟು.

ಕೇಳಿಸಿಕೊಂಡವರಿಗೂ ಕರ್ತವ್ಯವಿದೆ. ಆಧಾರವಿದ್ದರೆ ತೋರಿಸಬೇಕು, ಇಲ್ಲವಾದರೆ "ತಿಳಿಯದು" ಎನ್ನಬೇಕು. ಸತ್ಯಾಣುವ್ರತಿಗೆ ಅದರಿಂದ ಕುಂದಿಲ್ಲ.

ಉಪವಾಸಕ್ಕೆ ಮುನ್ನ ಶ್ರಾವಕನು ಆಹಾರತ್ಯಾಗದ ಸಂಕಲ್ಪವನ್ನು ಮಾಡುತ್ತಾನೆ. ಹಾಗೆಯೇ ಪ್ರಮಾಣವನ್ನು ಕೇಳುವ ಮುನ್ನ, ಏನು ದೊರೆತರೆ ತನ್ನ ಮತವನ್ನು ಬಿಡುವೆನೆಂಬುದನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಲಿ. ಅದು ದೊರೆತಾಗ ಬಿಡಲಿ. ಒಂದು ದಿನದ ಅನ್ನವನ್ನು ತ್ಯಜಿಸುವುದಕ್ಕಿಂತ ಅದು ಕಷ್ಟ. ಆದುದರಿಂದಲೇ ಅದು ತಪಸ್ಸು.